ಪರದೇಶದ ಸಿನಿಮಾ, ಚಿಕ್ಕೋಡಿಯ ಮೌನ

ಜನರನ್ನು ತಿದ್ದಲು ಹೊರಟವನಿಗೆ ವಾರಕ್ಕೊಂದು ಫಜೀತಿ ತಪ್ಪಿದ್ದಲ್ಲ. ನನಗೆ ಕೆಲವು ವಾರ ಎರಡೆರಡು ಆಗಿವೆ.

ನಾನು ಬೆಳಗಾವಿಯಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವನು. ಆ ಶಾಲೆಯಿಂದ ಎರಡು ಗುಣ ಅಂಟಿಕೊಂಡವು. ಒಂದು, ಹೇಳಿದ ಹೊತ್ತಿಗೆ ಹಾಜರಿರುವುದು. ಇನ್ನೊಂದು, ಹೇಳಿದ ಹೊತ್ತಿಗೆ ಬಾರದವರನ್ನು ಬದುಕಗೊಡದಿರುವುದು. ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಡಿವಿಡಿಗಳು ಸಸ್ತಾ ಆಗಿ, ಸಣ್ಣ ಊರಿಗೂ ಪ್ರೊಜೆಕ್ಟರ್ ಬಂದ ಕಾಲ ಅದು. ವಿದೇಶಿ ಚಿತ್ರಗಳ ಹುಚ್ಚು ನನಗೆ ಮೊದಲಿನಿಂದಲೂ ಇತ್ತು. ಅವನ್ನು ಊರಿಗೆಲ್ಲ ತೋರಿಸಿ, ಬೇರೆ ಬೇರೆ ದೇಶದವರು ಹೇಗೆ ಬದುಕುತ್ತಾರೆಂದು ತಿಳಿಸಬೇಕೆಂಬ ಹುಚ್ಚು ಆಗ ಹತ್ತಿತು.

ವಾಚನಾಲಯದ ಹಾಲ್ ಕೇಳಲು ಅಧ್ಯಕ್ಷರ ಹತ್ತಿರ ಹೋದೆ. ಅವರು ಕಬ್ಬಿನ ಹೊಲದವರು, ಮಾತು ಕಮ್ಮಿ. "ಶನಿವಾರ ಕ್ಯಾರಮ್ ಆಡವ್ರೂ ಹಾಲ್ ಕೇಳಾಕತ್ತಾರ್ರಿ ಸರ್. ನಮ್ಮ ಮಂದಿ ಇಂಥಾ ಸಿನಿಮಾ ಕುಂತು ನೋಡ್ತಾರೇನು?" ಎಂದರು. ನನ್ನ ಸ್ವಾಭಿಮಾನ ಕೆರಳಿತು. ನಾಲ್ಕು ಜನರ ಮುಂದೆ ಹೇಳಿಬಿಟ್ಟೆ: "ಒಂದು ವರ್ಷ ಕೊಡಿ. ಅಷ್ಟರೊಳಗೆ ಈ ಹಾಲಿನಲ್ಲಿ ಒಂದಾದರೂ ವಿದೇಶಿ ಚಿತ್ರವನ್ನು ಮೊದಲಿನಿಂದ ಕೊನೆತನಕ ಒಂದು ಮಾತಿಲ್ಲದೆ ನೋಡುವಂತೆ ಮಾಡುತ್ತೇನೆ. ಆಗದಿದ್ದರೆ ನಾನೇ ಕೀಲಿಕೈ ತಂದೊಪ್ಪಿಸುತ್ತೇನೆ." ಅಧ್ಯಕ್ಷರು ಕೀಲಿಕೈ ಕೊಟ್ಟು, ಕ್ಯಾರಮ್ ಮಂಡಳಿಗೆ "ಒಂದ್ ವರ್ಷ ತಡೀರಿ" ಎಂದು ಹೇಳಿ ಕಳಿಸಿದರು. ಆಮೇಲಿನದು ಕೆಳಗಿದೆ.

೧. ಜಪಾನಿನ ಅಜ್ಜಿ

ಮೊದಲ ಶನಿವಾರ ಜಪಾನಿನ ಒಂದು ಚಿತ್ರ. ಮುದುಕಿಯೊಬ್ಬಳು ಸಾಯುತ್ತಾಳೆ, ಮನೆಯವರು ಕಣ್ಣೀರಿಡದೆ ಮಂಡಿಯೂರಿ ಕೂರುತ್ತಾರೆ. ಶುರುವಾಗುವ ಮುಂಚೆ ಇಪ್ಪತ್ತು ನಿಮಿಷ ಭಾಷಣ ಮಾಡಿದೆ. "ದುಃಖವನ್ನು ಒಳಗೇ ನುಂಗುವುದು ಆ ಜನರ ಸೊಬಗು. ನಾವೂ ಅವರಂತೆ ಮೌನವಾಗಿ ನೋಡೋಣ."

ಅಜ್ಜಿ ಸಾಯುವವರೆಗೆ ಮೌನ ಚೆನ್ನಾಗಿತ್ತು. ಸತ್ತು ಎರಡು ನಿಮಿಷವಾದರೂ ಪರದೆಯ ಮೇಲೆ ಯಾರೂ ಅಳದಿದ್ದಾಗ ಹೆಂಗಸರ ಸಾಲಿನಲ್ಲಿ ಗುಸುಗುಸು ಎದ್ದಿತು. "ಹೆಣಾ ಮುಂದ ಇಟ್ಕೊಂಡು ಹಿಂಗ ಕುಂದರ್ತಾರೇನ ಬೇ? ಸೊಸೀಗೆ ಬಾಯಿ ಇಲ್ಲೇನು?" ನಮ್ಮ ಓಣಿಯ ಹಿರಿಯಳೊಬ್ಬಳು ತಡೆಯಲಾರದೆ ಸೆರಗು ಬಾಯಿಗಿಟ್ಟು ತಾನೇ ಹಾಡ್ಯಾಡಿ ಅಳಲು ತೊಡಗಿದಳು: "ಇಡೀ ಜನ್ಮ ಬಗ್ಗಿ ಬಗ್ಗಿ ನಮಸ್ಕಾರ ಮಾಡಿದೆವ್ವಾ, ನಿನಗ ಯಾರೂ ಒಂದ್ ಹನಿ ನೀರು ಹಾಕಲಿಲ್ಲವ್ವಾ..." ನಾಲ್ಕಾರು ದನಿ ಕೂಡಿದವು. ಜಪಾನೀಯರು ಸುಮ್ಮನೆ ಕೂತಿದ್ದರು. ಚಿಕ್ಕೋಡಿ ಅಳುತ್ತಿತ್ತು.

ಚಿತ್ರ ಮುಗಿದ ಮೇಲೆ ಚಹಾ, ಚುರುಮುರಿ ಇಟ್ಟಿದ್ದೆ. ಒಬ್ಬರೂ ಮುಟ್ಟಲಿಲ್ಲ. ಅಂಗಳದ ನಳದಲ್ಲಿ ಕಾಲು ತೊಳೆದುಕೊಂಡು, "ಬರ್ತೀವ್ರಿ" ಎಂಬ ಒಂದು ಮಾತೂ ಹೇಳದೆ ಹೊರಟುಹೋದರು. ನನ್ನ ಶಿಸ್ತಿಗೆ ಬೇಸತ್ತು ಬಹಿಷ್ಕಾರ ಹಾಕಿದರೆಂದು ರಾತ್ರಿಯೆಲ್ಲ ಕುದಿದೆ. ಹೆಂಡತಿ ಹೇಳಿದಳು, "ಸತ್ತ ಮನಿಯಿಂದ ಹೋಗೂ ಮುಂದ ಯಾರಾದ್ರೂ ಬರ್ತೀನಿ ಅಂತಾರೇನು? ಅಲ್ಲೆ ಚಹಾ ಕುಡೀತಾರೇನು? ಇಂಗ್ಲಿಷ್ ಶಾಲ್ಯಾಗ ಇಷ್ಟೂ ಕಲಿಸಿಲ್ಲ ನಿಮಗ."

ಮರುದಿನ ಬೆಳಿಗ್ಗೆ ಅದೇ ಹಿರಿಯಳು ನಮ್ಮ ಬಾಗಿಲಿಗೆ ಬಂದಳು. ತಲೆಯ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ರೊಟ್ಟಿ, ಬ್ಯಾಳಿ, ಅನ್ನ. ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲವೆಂದು ನೆರೆಯವರು ತರುವ ಬುತ್ತಿ ಅದು.

"ಅಜ್ಜಿ, ನಮ್ಮ ಮನೆಯಲ್ಲಿ ಯಾರೂ ಸತ್ತಿಲ್ಲ" ಎಂದೆ.

"ಗೊತ್ತೈತ್ರಿ. ಜಪಾನಿಗೆ ಒಯ್ಯಾಕ ನನಗ ಆಗಂಗಿಲ್ಲ. ಆಕಿ ಇಲ್ಲಿಗೆ ಬಂದಿದ್ದು ನಿಮ್ಮ ಕಡೀಂದ. ನೀವಽ ಉಣ್ರಿ."

೨. ಕಾಗವಾಡದಲ್ಲಿ ಏಳು ಸಲ

ಚಿಕ್ಕೋಡಿಯಲ್ಲಿ ಸೋತವನು ಹೊರ ಊರುಗಳಲ್ಲಿ ಒಂದಿಷ್ಟು ಅಭ್ಯಾಸ ಮಾಡಿಕೊಳ್ಳೋಣವೆಂದು ಪ್ರೊಜೆಕ್ಟರ್ ಕಟ್ಟಿಕೊಂಡು ಕಾಗವಾಡಕ್ಕೆ ಹೋದೆ. ದ್ರಾಕ್ಷಿ ಬೆಳೆಗಾರರು ತಮ್ಮ ಶೆಡ್ಡಿನ ಬಿಳಿ ಗೋಡೆ ಕೊಟ್ಟರು. ನಾನೂ ಯೋಚಿಸಿ ಫ್ರಾನ್ಸಿನ ದ್ರಾಕ್ಷಿ ಸೀಮೆಯ ಪ್ರೇಮಕಥೆಯನ್ನೇ ಒಯ್ದಿದ್ದೆ.

ಒಂದು ತೊಡಕಿತ್ತು. ಆ ಚಿತ್ರದಲ್ಲಿ ಚುಂಬನದ ದೃಶ್ಯವಿದೆ. ಪರರ ಸಂಸ್ಕೃತಿಯನ್ನು ತೆರೆದ ಮನಸ್ಸಿನಿಂದ ನೋಡಬೇಕೆಂದು ಸದಾ ಬೋಧಿಸುವವನು ನಾನು. ಅಂಥವನು ಆ ದೃಶ್ಯ ಬಂದಾಗ ಲೆನ್ಸಿಗೆ ಅಡ್ಡ ಒಂದು ರಟ್ಟು ಹಿಡಿದೆ.

"ಏಯ್, ರಟ್ಟ ತಗೀರಿ!" ಎಂದು ಇಡೀ ಶೆಡ್ಡು ಕೂಗಿತು. "ಹಿಂದ ತಗೋರಿ, ಮತ್ತ ತೋರಿಸ್ರಿ!"

ದೀಪ ಹಾಕಿಸಿದೆ. ಗಂಟಲು ಸರಿಮಾಡಿಕೊಂಡು, ನಾಡಿನ ಮಾನ, ಹಿರಿಯರ ಮರ್ಯಾದೆ, ಇಂದ್ರಿಯ ನಿಗ್ರಹ ಎಂದು ಹತ್ತು ನಿಮಿಷ ಬೈದೆ. ಎಲ್ಲರೂ ತಲೆ ಬಗ್ಗಿಸಿ ಕೇಳಿದರು. ಕೊನೆಗೆ ಒಬ್ಬ ಹಿರಿಯ ಬೆಳೆಗಾರ ಎದ್ದು ಕೈಮುಗಿದ.

"ಸರ್, ಅವರ ಮುದ್ದು ಯಾರಿಗೆ ಬೇಕಾಗೈತ್ರಿ? ಅವರಿಬ್ಬರೂ ಅಡ್ಡ ನಿಂತಾರ. ಹಿಂದ ಮೊಣಕಾಲಮಟ ಬಳ್ಳಿ ಐತಲ್ಲ, ಅದನ್ನ ತಂತಿಗೆ ಹೆಂಗ ಕಟ್ಯಾರ ಅಂತ ನೋಡ್ಬೇಕ್ರಿ. ನಾವು ತಲಿ ಮ್ಯಾಲೆ ಚಪ್ಪರಾ ಹಾಕಿ ಬೆನ್ನ ಮುರಕೊಳ್ಳಾಕತ್ತೀವಿ."

ನಾಚಿಕೆಯಾಯಿತು. ಪ್ರಾಯಶ್ಚಿತ್ತವೆಂದು ಆ ದೃಶ್ಯವನ್ನು ಹಿಂದೆ ತಿರುಗಿಸಿ ತೋರಿಸಿದೆ. ಒಬ್ಬನಿಗೆ ಗಂಟು ಕಾಣಲಿಲ್ಲ, ಮತ್ತೊಮ್ಮೆ. ಇನ್ನೊಬ್ಬನಿಗೆ ಬಳ್ಳಿ ಕತ್ತರಿಸಿದ ಜಾಗ ನೋಡಬೇಕಿತ್ತು, ಮತ್ತೊಮ್ಮೆ. ಮುಂದೆ ಪ್ರೇಮಿಗಳು ಬಾಗುತ್ತಲೇ ಇದ್ದರು, ಹಿಂದೆ ಇವರು ತಂತಿಗಳ ನಡುವಿನ ಅಂತರ ಲೆಕ್ಕ ಹಾಕುತ್ತಲೇ ಇದ್ದರು. ಗೋಡೆ ಮುಖ್ಯರಸ್ತೆಗೆ ಎದುರಾಗಿತ್ತೆಂಬುದು, ಅಲ್ಲಿ ಚಿಕ್ಕೋಡಿಯ ಬಸ್ಸೊಂದು ಕೆಟ್ಟು ನಿಂತಿತ್ತೆಂಬುದು ನನ್ನ ಗಮನಕ್ಕೆ ಬರಲಿಲ್ಲ.

ಮನೆ ಮುಟ್ಟಿದಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಕೇಳಿದ್ದು ಒಂದೇ ಪ್ರಶ್ನೆ: "ಏಳು ಸಲ ಅಂತ?"

೩. ಅಥಣಿಯ ಪತ್ತೇದಾರ

ಇದು ಚಿಕ್ಕದು. ಅಥಣಿಯಲ್ಲಿ ಚಪ್ಪಲಿ ಹೊಲಿಯುವ ಓಣಿಯವರು ಕರೆದಿದ್ದರು. ಇಂಗ್ಲೆಂಡಿನ ಕೊಲೆ ರಹಸ್ಯದ ಚಿತ್ರ ಒಯ್ದೆ. "ಆಂಗ್ಲರ ತರ್ಕಬುದ್ಧಿಯನ್ನು ಗಮನಿಸಿ. ಕೊನೆಯ ನಿಮಿಷದವರೆಗೆ ಕೊಲೆಗಾರ ಯಾರೆಂದು ನಿಮಗೆ ತಿಳಿಯದು" ಎಂದು ಮೊದಲೇ ಹೇಳಿದೆ. ನಾನೇ ಮೂರು ಸಲ ನೋಡಿದ್ದೆ, ಮೊದಲ ಸಲ ಕೊನೆಯಲ್ಲಿ ಬೆಚ್ಚಿಬಿದ್ದಿದ್ದೆ.

ಹದಿನೈದನೇ ನಿಮಿಷಕ್ಕೆ ಮುಂದಿನ ಸಾಲಿನ ಮುದುಕ ಬೀಡಿ ಕಿವಿಗೆ ಸಿಕ್ಕಿಸಿಕೊಂಡು ಎಂದ: "ಡಾಕ್ಟರಽ ಹೊಡದಾನ."

"ಹೇಗೆ ಹೇಳುತ್ತೀರಿ?" ಎಂದೆ, ಎದೆ ಹಿಡಿದುಕೊಂಡು.

"ತೋಟದಾಗ ಓಡಿದ ಬೂಟಿನ ಬಲಗಡೆ ಅಟ್ಟಿ ಹೊರಮಗ್ಗಲಾ ಸವದೈತ್ರಿ. ಈಗ ಊಟಕ್ಕ ಕುಂತ ಡಾಕ್ಟರ್ ಬೂಟೂ ಹಂಗಽ ಸವದೈತಿ. ಒಬ್ಬನಽ ಮನಷ್ಯಾ."

ಓಣಿಯೆಲ್ಲ "ಹೌದಲ್ಲ, ಹೌದಲ್ಲ" ಎಂದಿತು. ಉಳಿದ ಒಂದೂವರೆ ತಾಸು ಪತ್ತೇದಾರ ಪೈಪು ಸೇದುತ್ತ, ಪರದೆ ಸರಿಸುತ್ತ, ಅಡುಗೆಯವಳನ್ನು ಗದರಿಸುತ್ತ ಅಲೆದ. ಇವರು ಅವನನ್ನು ಕನಿಕರದಿಂದ ನೋಡಿದರು. ಕೊನೆಗೆ ಅವನು ಡಾಕ್ಟರ ಕಡೆ ಬೆರಳು ತೋರಿಸಿದಾಗ ಮುದುಕ ನನ್ನ ಭುಜ ತಟ್ಟಿದ: "ಪಾಪ, ಹುಡುಗ ಚಲೋ ಅದಾನ. ಒಂದ್ ತಿಂಗಳ ನಮ್ಮ ಕಡೆ ಕಳಸ್ರಿ, ಕಲಸ್ತೀವಿ."

೪. ನಿಪ್ಪಾಣಿಯ ಚಳಿಗಾಲ

ನಿಪ್ಪಾಣಿಯಲ್ಲಿ ಅರ್ಧ ಸಭೆ ಕನ್ನಡ ಬೇಕೆಂದಿತು, ಅರ್ಧ ಮರಾಠಿ. ಪರದೆಯ ಕೆಳಗಿನ ಅಕ್ಷರ ಇಂಗ್ಲಿಷು. ಕನ್ನಡಕ್ಕೆ ನಾನು ನಿಂತೆ. ನನ್ನ ಕನ್ನಡ ಕೇಳಿ ಮರಾಠಿಯಲ್ಲಿ ಹೇಳಲು ತಂಬಾಕಿನ ವಖಾರಿಯ ಗುಮಾಸ್ತನೊಬ್ಬ ಆ ಬದಿಗೆ ನಿಂತ.

ಪೂರ್ವ ಯುರೋಪಿನ ಚಿತ್ರ. ರೈಲು ನಿಲ್ಲದ ಒಂದು ಸ್ಟೇಷನ್ನು, ಅಲ್ಲೊಬ್ಬ ಮಾಸ್ತರ, ಸುತ್ತ ಹಿಮ. ಅರ್ಧ ತಾಸಿಗೆ ಒಂದು ಮಾತು. ನಾನು ನಿಷ್ಠೆಯಿಂದ ಅನುವಾದಿಸಿದೆ: "ಅವನು ಹೇಳುತ್ತಾನೆ, ಚಳಿಗಾಲ ಬರುತ್ತಿದೆ." ಗುಮಾಸ್ತ ಅದನ್ನು ಮರಾಠಿಯಲ್ಲಿ ಐದು ನಿಮಿಷ ಹೇಳಿದ. ಆ ಕಡೆಯವರು "ಅರೇ ದೇವಾ!" ಎಂದು ಹಣೆ ಬಡಿದುಕೊಂಡರು. ಮುಂದಿನ ಮಾತು: "ಚಹಾ ಆರಿದೆ." ಆ ಕಡೆ ಹೆಂಗಸರು ಕಣ್ಣೊರೆಸಿಕೊಂಡರು.

ಕಿವಿಗೊಟ್ಟೆ. ಗುಮಾಸ್ತನ ಕಥೆಯಲ್ಲಿ ಸ್ಟೇಷನ್ ಮಾಸ್ತರನಿಗೆ ಒಬ್ಬ ತಂಗಿಯಿದ್ದಳು, ಅವಳ ಲಗ್ನ ತಪ್ಪಿಸಿದ ಸೋದರಮಾವನಿದ್ದ, ದಿಬ್ಬಣ ತರಬೇಕಾದ ರೈಲೇ ನಿಲ್ಲದೆ ಹೋಗಿತ್ತು. ಮಧ್ಯಂತರದ ಹೊತ್ತಿಗೆ ನನ್ನ ಕನ್ನಡ ಬದಿಯವರೂ ಒಬ್ಬೊಬ್ಬರಾಗಿ ಕುರ್ಚಿ ಎತ್ತಿಕೊಂಡು ಆ ಬದಿಗೆ ಹೋಗಿದ್ದರು. ಈ ಗಡಿಯಲ್ಲಿ ಎರಡೂ ಭಾಷೆ ಬಾರದವರು ಯಾರು? ಖಾಲಿ ನೆಲಕ್ಕೆ ನಾನು "ಹಿಮ ಬೀಳುತ್ತಿದೆ" ಎಂದು ಹೇಳುತ್ತ ನಿಂತೆ.

ಮುಗಿದ ಮೇಲೆ ಅವನನ್ನು ಹಿಡಿದೆ. "ಇದು ಅನುವಾದವೇನ್ರೀ? ಮೂಲಕ್ಕೆ ದ್ರೋಹ!"

"ಸರ್, ನೀವು ಚಳಿಗಾಲ ಬಂತು ಅಂದ್ರಿ. ಇಷ್ಟ ಮಂದಿ ಮನಿ ಬಿಟ್ಟು ಬಂದಾರ. ಬರೇ ಚಳಿಗಾಲ ಕೊಟ್ಟು ಕಳಸಾಕ ನನ್ನ ಕಡಿಂದ ಆಗಲಿಲ್ಲ."

ತತ್ವದ ಪ್ರಶ್ನೆ. ಬಿಡುವ ಹಾಗಿರಲಿಲ್ಲ. ಅವನನ್ನು ಗೋಡೆಯ ಬದಿಗೆ ಕರೆದು, ಯಾರೂ ಕೇಳುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಕೇಳಿದೆ: "ತಂಗಿಯ ಲಗ್ನ ಕೊನೆಗೆ ಆಯಿತೋ ಇಲ್ಲವೋ?"

೫. ವರ್ಷದ ಕೊನೆಯ ಶನಿವಾರ

ವರ್ಷ ಮುಗಿಯುತ್ತ ಬಂತು. ಚಿಕ್ಕೋಡಿಯ ಹಾಲಿನಲ್ಲಿ ಒಂದು ಶನಿವಾರವೂ ಮಾತಿಲ್ಲದೆ ಕಳೆದಿರಲಿಲ್ಲ. ಕ್ಯಾರಮ್ ಮಂಡಳಿಯವರು ಬಾಗಿಲಾಚೆ ನಿಂತು, ಬೋರ್ಡು ಯಾವ ಮೂಲೆಗೆ ಇಡಬೇಕೆಂದು ಅಳೆದು ಹೋಗಿದ್ದರು. ಕೊನೆಯ ಪ್ರದರ್ಶನಕ್ಕೆ ಅಧ್ಯಕ್ಷರು ತಾವೇ ಬಂದು ಮೊದಲ ಸಾಲಿನಲ್ಲಿ ಕೂತರು.

ನನ್ನ ಅತ್ಯಂತ ಮೆಚ್ಚಿನ ಚಿತ್ರ ಹಾಕಿದೆ. ಉತ್ತರದ ಚಳಿ ದೇಶದ ಒಬ್ಬ ನಿವೃತ್ತ ಶಿಕ್ಷಕ. ಮಾತು ಮೀರಿ ಮದುವೆಯಾದ ಮಗಳನ್ನು ಮನೆಯಿಂದ ಹೊರಹಾಕಿದವನು. ವರ್ಷಗಳ ಮೇಲೆ ಅವಳು ಕಂಕುಳಲ್ಲಿ ಕೂಸು ಇಟ್ಟುಕೊಂಡು ಹಿಮದಲ್ಲಿ ಬಂದು ಬಾಗಿಲು ಬಡಿಯುತ್ತಾಳೆ. ಇವನು ಒಳಗೆ ಅಗುಳಿಯ ಮೇಲೆ ಕೈಯಿಟ್ಟು ನಿಲ್ಲುತ್ತಾನೆ. ಆರು ನಿಮಿಷ ಬರೀ ಇದೇ ದೃಶ್ಯ. ಮನೆಯಲ್ಲಿ ನಾಲ್ಕು ಸಲ ನೋಡಿ, "ಇಲ್ಲಿನ ಸಂಯಮ ಆ ಸಂಸ್ಕೃತಿಯ ಶಿಖರ" ಎಂದು ವಹಿಯಲ್ಲಿ ಬರೆದಿಟ್ಟಿದ್ದೆ.

ಆ ಸಂಜೆ ಏನಾಯಿತೋ, ಜನ ಸುಮ್ಮನಾದರು. ಮಗಳು ಮನೆ ಬಿಟ್ಟಳು, ಮಾತಿಲ್ಲ. ಮುದುಕ ಒಬ್ಬನೇ ಊಟ ಮಾಡಿದ, ಮಾತಿಲ್ಲ. ಬುತ್ತಿ ತಂದಿದ್ದ ಹಿರಿಯಳೂ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಅಧ್ಯಕ್ಷರು ಒಮ್ಮೆ ಹಿಂದೆ ತಿರುಗಿ ಸಭೆಯನ್ನು ನೋಡಿ, ನನ್ನನ್ನು ನೋಡಿ ತಲೆದೂಗಿದರು. ಗೆದ್ದೆ ಎಂದುಕೊಂಡೆ. ಇನ್ನು ಎಂಟೇ ನಿಮಿಷ.

ಬಾಗಿಲ ದೃಶ್ಯ ಬಂತು. ಮಗಳು ಬಡಿದಳು. ಮುದುಕನ ಕೈ ಅಗುಳಿಯ ಮೇಲೆ. ಇನ್ನೂರು ಜನ ಉಸಿರು ಹಿಡಿದಿದ್ದರು. ಕೂಸು ಕೆಮ್ಮಿತು. ಮುದುಕ ಅಲ್ಲಾಡಲಿಲ್ಲ. ಕೂಸು ಮತ್ತೆ ಕೆಮ್ಮಿತು.

"ತಗಿಯೋ ಬಾಗಲಾ, ಮಳ್ಳ! ಕೂಸು ಹಿಮದಾಗ ಸಾಯಾಕತ್ತೈತಿ! ಎಂಥಾ ಮಾಸ್ತರಲೇ ನೀ?"

ಇಡೀ ಹಾಲ್ ನಡುಗಿತು. ಕೂಗಿದವ ಯಾರೆಂದು ಕಣ್ಣು ಕೆಂಪು ಮಾಡಿಕೊಂಡು ಸುತ್ತ ಹುಡುಕಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಎದ್ದು ನಿಂತಿದ್ದೆ, ಕೈ ಪರದೆಯ ಕಡೆ ಚಾಚಿತ್ತು. ಶಾಲೆಯಲ್ಲಿ ಕಲಿತ ಒಂದೂ ಶಬ್ದ ಆ ಹೊತ್ತಿಗೆ ಬಾಯಿಗೆ ಬಂದಿರಲಿಲ್ಲ.

"ಸುಮ್ಮ ಕುಂದರ್ರಿ ಸರ್" ಎಂದಳು ಹಿರಿಯಳು, "ಮಂದಿ ಸಿನಿಮಾ ನೋಡಾಕತ್ತಾರ."

ಆ ಕ್ಷಣಕ್ಕೇ ಮುದುಕ ಅಗುಳಿ ಸರಿಸಿ ಬಾಗಿಲು ತೆರೆದ. ತೆರೆಯುತ್ತಾನೆಂದು ನನಗೆ ಗೊತ್ತಿತ್ತು, ನಾಲ್ಕು ಸಲ ತೆರೆದಿದ್ದ. ಸಭೆಗೆ ಗೊತ್ತಿರಲಿಲ್ಲ. ಹಿಂದಿನಿಂದ ಯಾರೋ ಪಿಸುಗುಟ್ಟಿದರು, "ಅಂಜಿದ ನೋಡಲೇ!"

ದೀಪ ಬಂದ ಮೇಲೆ ಅಧ್ಯಕ್ಷರ ಮುಂದೆ ಕೀಲಿಕೈ ಇಟ್ಟೆ. ಮಾತು ಅಂದರೆ ಮಾತು.

"ನೀವು ಒದರೂ ತನಕ ಮಂದಿ ಒಬ್ರೂ ಮಾತಾಡಲಿಲ್ಲಲ್ರಿ" ಎಂದರು ಅವರು.

"ನಾನು ಮಾತಾಡಿದೆ. ನಾನೂ ಪ್ರೇಕ್ಷಕನೇ. ನಿಯಮ ಎಲ್ಲರಿಗೂ ಒಂದೇ" ಎಂದೆ. ಸಭೆ ಬೇಡ ಬೇಡವೆಂದರೂ ಬಿಡದೆ, ನನ್ನ ವಿರುದ್ಧ ನಾನೇ ಹತ್ತು ನಿಮಿಷ ವಾದ ಮಾಡಿ, ನನ್ನ ತಪ್ಪನ್ನು ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡಿದೆ. ಅಧ್ಯಕ್ಷರು ಪೂರ್ತಿ ಕೇಳಿದರು. ಆಮೇಲೆ ಕೀಲಿಕೈಯನ್ನು ಎತ್ತಿ ಹಿರಿಯಳ ಕೈಗೆ ಕೊಟ್ಟರು.

"ನಿಮ್ಮ ಮಾತು ಖರೇ ಐತ್ರಿ ಸರ್. ಮಂದಿ ಗೆದ್ದಾರ, ನೀವು ಸೋತೀರಿ. ಅದಕ್ಕ ಶನಿವಾರ ಸಿನಿಮಾ ನಡೀಲಿ. ನೀವು ಮಿಷನ್ ಚಾಲೂ ಮಾಡಿ ಹೊರಗ ಕಟ್ಟಿ ಮ್ಯಾಲೆ ಕುಂದರ್ರಿ. ಕ್ಯಾರಮ್ ಅಲ್ಲೇ ಹಾಕಸ್ತೀನಿ, ಅವರ ಜೋಡಿ ಎಷ್ಟ ಬೇಕಷ್ಟ ಒದರ್ರಿ."