ನಿವ್ವಳ ವೇಗ

ಇಷ್ಟಕ್ಕೆಲ್ಲ ಕಾರಣ ಮೊಳಕಾಲ್ಮುರಿನ ಮಾವನ ಮನೆಯಲ್ಲಿ ಭಾನುವಾರ ಬಡಿಸಿದ ಹೋಳಿಗೆ. ಎರ್ರಿಸ್ವಾಮಿ ಎರಡನೆಯ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದಾಗ ಎದುರಿಗೆ ಕೂತಿದ್ದ ಹೆಂಡತಿಯ ತಮ್ಮ ಮಾರುತೇಶ, ಭಾವನ ಹಡಗು ಚಳ್ಳಕೆರೆಯ ಪ್ರೈವೇಟ್ ಬಸ್ಸಿನ ಹಾಗೆ, ಕೈ ಅಡ್ಡ ಹಿಡಿದವರಿಗೆಲ್ಲ ನಿಲ್ಲುತ್ತದೆ ಎಂದುಬಿಟ್ಟ. ಮಾವ ಸೂರಪ್ಪ ನಕ್ಕರು, ಅತ್ತೆ ನಕ್ಕರು. ಅದನ್ನು ಹೇಗೋ ನುಂಗಿಕೊಳ್ಳಬಹುದಿತ್ತು. ಆದರೆ ಹೆಂಡತಿ ನಿರ್ಮಲಾ ಬಾಯಿಗೆ ಸೆರಗು ಅಡ್ಡ ಹಿಡಿದು ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕಳು. ಎರ್ರಿಸ್ವಾಮಿ ಹೋಳಿಗೆಯನ್ನು ಎಲೆಯ ಅಂಚಿಗೆ ಸರಿಸಿದ.

ಹಡಗೆಂದರೆ ನೀರಿನ ಹಡಗಲ್ಲ, ಮೊಬೈಲಿನ ಆಟದ್ದು. ನಕ್ಷತ್ರದಿಂದ ನಕ್ಷತ್ರಕ್ಕೆ ಸರಕು ಸಾಗಿಸಬೇಕು, ಅಡ್ಡ ಬಂದವರ ಜೊತೆ ಕಾದಾಡಬೇಕು. ದೇಶದೇಶದವರು ಕೂತು ಆಡುತ್ತಾರೆ. ಚಳ್ಳಕೆರೆಯ ಮಾರ್ಕೆಟ್ ಯಾರ್ಡಿನ ಒಂದು ಶೇಂಗಾ ಮಂಡಿಯಲ್ಲಿ ತೂಕ ಹಾಕುವ ಎರ್ರಿಸ್ವಾಮಿ, ಮೂರು ವರ್ಷ ನಿದ್ದೆಗೆಟ್ಟು ಕಣ್ಣು ಕೆಂಪು ಮಾಡಿಕೊಂಡು ಅದರಲ್ಲೊಂದು ಸರಕು ಹಡಗು ಕಟ್ಟಿದ್ದ. ಅದಕ್ಕೆ ಬಸವ ಎಂದು ಹೆಸರಿಟ್ಟು, ಹಿಂದೆ ಐದು ಸಣ್ಣ ಹಡಗುಗಳ ದಂಡು ಕಟ್ಟಿಕೊಂಡು ತಾನೇ ದಂಡನಾಯಕನಾಗಿದ್ದ. ಮಂಡಿಯಲ್ಲಿ ಎಲ್ಲರೂ ಅವನಿಗೆ ಕೆಲಸ ಹೇಳುವವರೇ. ಅವನ ಮಾತು ನಡೆಯುತ್ತಿದ್ದದ್ದು ಆ ಆಕಾಶದಲ್ಲಿ ಮಾತ್ರ. ಮೊಳಕಾಲ್ಮುರಿನಲ್ಲಿ ಸೀರೆ ಅಂಗಡಿ ಇಟ್ಟಿದ್ದ ಮಾರುತೇಶನದು ಮಿಂಚು ಎಂಬ ಹಡಗು. ಅದು ಒಂದು ಕಡ್ಡಿಯನ್ನೂ ಹೊರುತ್ತಿರಲಿಲ್ಲ, ಓಡುವುದೊಂದೇ ಅದರ ಕಸುಬು.

ತಾನು ನಿಧಾನ ಅಲ್ಲ, ಆಟ ಮಾಡಿದವರು ಸರಕು ಹಡಗಿನ ವೇಗವನ್ನೇ ಕಡಿಮೆ ಇಟ್ಟಿದ್ದಾರೆ ಎಂದು ಎರ್ರಿಸ್ವಾಮಿ ಎಲೆಯ ಮುಂದೆಯೇ ವಾದಕ್ಕಿಳಿದ. ಕಂಪನಿಯವರು ಹಡಗುಗಳ ವೇಗ ಸರಿದೂಗಿಸುವುದಾಗಿ ಆಗಲೇ ತಿಳಿಸಿದ್ದರು. ಬರೀ ಬೈಗುಳ ಕಳಿಸಬೇಡಿ, ಕ್ರಮವಾಗಿ ಅಳೆದು ಶುಕ್ರವಾರ ಸಂಜೆ ಐದರೊಳಗೆ ಲೆಕ್ಕ ಕಳಿಸಿ ಎಂದೂ ಬರೆದಿದ್ದರು. ಮಾರುತೇಶ ಅದನ್ನೇ ಹಿಡಿದುಕೊಂಡ.

“ಆಗ್ಲಿ ಭಾವ, ಅಳ್ದು ಕಳಿಸ್ರಿ. ಅವ್ರು ನಿಮ್ಮ ಹಡಗಿನ ಸ್ಪೀಡ್ ಏರಿಸಿದ್ರೆ ನನ್ನ ದಂಡು ಬಿಟ್ಟು ನಿಮ್ಮ ಕೈಕೆಳಗೆ ಬರ್ತೀನಿ. ಏರಿಸ್ಲಿಲ್ಲ ಅಂದ್ರೆ ನೀವು ದಂಡು ಬಿಟ್ಟು ನನ್ನ ಮಿಂಚಿಗೆ ಎಣ್ಣೆ ಹೊರಬೇಕು.”

ಸೂರಪ್ಪನವರು ಸಾಕ್ಷಿಯಾದರು. ನಿರ್ಮಲಾ ಇನ್ನೂ ನಗುತ್ತಲೇ ಇದ್ದಳು.

ಸೋಮವಾರದಿಂದ ಗುರುವಾರದವರೆಗೆ ಮಂಡಿಗೆ ಶೇಂಗಾ ಬಂದು ಬಿದ್ದ ಭರಕ್ಕೆ ಎರ್ರಿಸ್ವಾಮಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಾಗಲಿಲ್ಲ. ಶುಕ್ರವಾರ ಮಧ್ಯಾಹ್ನ ಬುತ್ತಿ ಬಿಚ್ಚದೆ ಹಾಳೆಗೆ ಗೆರೆ ಹಾಕಿ ಕೂತ. ಅಳತೆಯ ವಿಷಯದಲ್ಲಿ ಅವನಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಎರಡೂ ಹಡಗು ಒಂದೇ ನಿಲ್ದಾಣದಿಂದ ಹೊರಟು ಒಂದೇ ನಿಲ್ದಾಣ ಮುಟ್ಟಬೇಕು. ಬಸವನನ್ನು ಮೊದಲು ಖಾಲಿ ಓಡಿಸಬೇಕು, ಆಮೇಲೆ ಇಪ್ಪತ್ತು ಪೆಟ್ಟಿಗೆ ಹೇರಿ, ಆಮೇಲೆ ನಲವತ್ತು ಹೇರಿ. ಪ್ರತಿಯೊಂದಕ್ಕೂ ಹತ್ತು ಓಟ, ಹತ್ತರ ಸರಾಸರಿ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಮಿಕ್ಕಿದ್ದನ್ನು ಮುಟ್ಟಬಾರದು.

ಮಿಂಚಿನಂಥ ಹಡಗು ಆಟಕ್ಕೆ ಹೊಸದಾಗಿ ಸೇರಿದವರಿಗೆ ಪುಕ್ಕಟೆ ಸಿಗುತ್ತಿತ್ತು. ಹಾಗಾಗಿ ಹಮಾಲರ ಮುಖ್ಯಸ್ಥ ಪೆದ್ದಣ್ಣನ ಮೊಬೈಲಿಗೆ ಆಟ ಹಾಕಿ, ನೆಟ್ಟಗೆ ಓಡಿಸುವುದೊಂದೇ ನಿನ್ನ ಕೆಲಸ ಎಂದು ಎರ್ರಿಸ್ವಾಮಿ ಮೂರು ಸಲ ಹೇಳಿದ. ಆಂಧ್ರದ ಗಡಿಯವನಾದ ಪೆದ್ದಣ್ಣ “ಸರ್ಲೆ” ಎಂದು ಒಪ್ಪಿಕೊಂಡ. ಆರು ಓಟ ನೆಟ್ಟಗೇ ಓಡಿಸಿದ. ಏಳನೆಯದರಲ್ಲಿ ದಾರಿಯಲ್ಲಿ ಯಾವನೋ ಬ್ರೆಜಿಲ್ ದೇಶದವನು ಎದುರಾದ. ಜೀವಮಾನದಲ್ಲಿ ಎಂದೂ ಗುಂಡು ಹಾರಿಸದ ಪೆದ್ದಣ್ಣನಿಗೆ ಕೆಂಪು ಗುಂಡಿ ಕಣ್ಣಿಗೆ ಬಿತ್ತು, ಒತ್ತಿದ. ಬ್ರೆಜಿಲ್‌ನವನು ಸುಮ್ಮನಿರುತ್ತಾನೆಯೇ, ತನ್ನ ಕಡೆಯವರನ್ನೆಲ್ಲ ಕರೆದುಕೊಂಡು ಅಟ್ಟಿಸಿಕೊಂಡು ಬಂದ. ಪೆದ್ದಣ್ಣನ ಹಡಗು ಚೂರಾಯಿತು, ಆರು ಓಟದ ಲೆಕ್ಕವೂ ನೀರುಪಾಲಾಯಿತು. ಮತ್ತೆ ಮೊದಲಿನಿಂದ ಹಿಡಿಯಬೇಕಾಯಿತು.

ಅಷ್ಟರಲ್ಲಿ ಹಮಾಲರೆಲ್ಲ ಚೀಲ ಇಳಿಸುವುದನ್ನು ಬಿಟ್ಟು ಸುತ್ತ ನೆರೆದಿದ್ದರು. ಅರ್ಧ ಮಂದಿ ಬಸವನ ಕಡೆ, ಅರ್ಧ ಮಂದಿ ಪೆದ್ದಣ್ಣನ ಕಡೆ. ಚಹಾ ತಂದ ಕರಿಯಕ್ಕ, ಹಿಂಗೆ ಪೂಜೆಗೀಜೆ ಇಲ್ದೆ ಹೊರಟರೆ ಯಾವ ಬಂಡಿ ತಾನೇ ಮುಂದೆ ಹೋದೀತು ಎಂದು ಹೇಳಿ ಮೊಬೈಲಿಗೆ ನಿಂಬೆಹಣ್ಣು ನಿವಾಳಿಸಿ ಹಿಂಡಿದಳು. ಹಿಂಡಿದ ರಸ ಪರದೆಯ ಮೇಲೆ ಬಿದ್ದು ಬಸವ ತನ್ನಷ್ಟಕ್ಕೆ ತಾನೇ ಗಿರಗಿರನೆ ತಿರುಗತೊಡಗಿತು. ಎರ್ರಿಸ್ವಾಮಿ ಅದನ್ನು ಪಂಚೆಯ ಚುಂಗಿನಿಂದ ಒರೆಸಿ ಒರೆಸಿ ಸುಸ್ತಾದ.

ಗದ್ದಲ ಕೇಳಿ ಮಂಡಿಯ ಸಾವ್ಕಾರರು ಹೊರಗೆ ಬಂದಾಗ ಎರ್ರಿಸ್ವಾಮಿ ಮೊಬೈಲನ್ನು ಹಾಳೆಯ ಕೆಳಗೆ ತಳ್ಳಿದ. ಆಗ ಕಾಪಾಡಿದವರು ಗುಮಾಸ್ತ ಕಲ್ಲೇಶಪ್ಪ. ಮೂವತ್ತೊಂದು ವರ್ಷ ಅದೇ ಮಂಡಿಯಲ್ಲಿ ತೂಕದ ಪುಸ್ತಕ ಬರೆದು, ಒಂದು ದಿನವೂ ಒಂದು ಅಂಕಿ ತಿದ್ದಿದವರಲ್ಲ. ಅವರು ಕನ್ನಡಕ ಏರಿಸಿ, ತೂಕದ ಕಾಟಾ ಸರಿ ಐತೋ ಇಲ್ಲವೋ ಪರೀಕ್ಷೆ ಮಾಡುತ್ತಿದ್ದೇವೆ ಎಂದು ಗಂಭೀರವಾಗಿ ಹೇಳಿದರು. ಸಾವ್ಕಾರರು ತಲೆ ಆಡಿಸಿ ಒಳಗೆ ಹೋದರು. ಕಲ್ಲೇಶಪ್ಪನವರ ಮಾತನ್ನು ಅವರು ಎಂದೂ ಅನುಮಾನಿಸಿದವರಲ್ಲ.

ನಾಲ್ಕೂವರೆಗೆ ಕೊನೆಯ ಓಟ ಮುಗಿಯಿತು. ಮಿಂಚಿನ ಜಾತಿಯ ಹಡಗಿಗೆ ನಲವತ್ತಾರು ಸೆಕೆಂಡು. ಬಸವನಿಗೆ ಖಾಲಿ ಇದ್ದಾಗ ಐವತ್ತು, ಇಪ್ಪತ್ತು ಪೆಟ್ಟಿಗೆಗೆ ಐವತ್ತಾರು, ನಲವತ್ತಕ್ಕೆ ಅರವತ್ತೆರಡು. ಬಸವನಿಗೆ ಆಗಿರುವ ಅನ್ಯಾಯ ಹಾಳೆಯ ಮೇಲೆ ಎದ್ದು ಕಾಣುತ್ತಿತ್ತು. ಎರ್ರಿಸ್ವಾಮಿಗೆ ಕಣ್ಣು ತುಂಬಿ ಬಂತು. ಭಾನುವಾರದಿಂದ ಮೊದಲ ಸಲ ಹೊಟ್ಟೆ ಹಸಿವೂ ಆಯಿತು.

ಅದೇ ಹೊತ್ತಿಗೆ ಬಿ.ಜಿ. ಕೆರೆಯಿಂದ ಶೇಂಗಾ ಲಾರಿ ಬಂದು ನಿಂತಿತು. ಒಳಗಿನಿಂದ ಸಾವ್ಕಾರರು, ಎರ್ರಿ ಎಲ್ಲಿ ಸತ್ತ ಎಂದು ವಿಚಾರಿಸಿದರು. ಎರ್ರಿಸ್ವಾಮಿ ಲೆಕ್ಕ ತುಂಬಲು ಕಂಪನಿ ಕೊಟ್ಟಿದ್ದ ಕಾಲಂಗಳನ್ನು ಮೊಬೈಲಿನಲ್ಲಿ ತೆರೆದು ಕಲ್ಲೇಶಪ್ಪನವರ ಕೈಗೆ ಕೊಟ್ಟ. ಹಾಳೆಯಲ್ಲಿರುವುದನ್ನು ಇದರಲ್ಲಿ ತುಂಬಿ ಹಸಿರು ಗುಂಡಿ ಒತ್ತಿದರೆ ಸಾಕು ಎಂದು ಕೇಳಿಕೊಂಡ. ಕಲ್ಲೇಶಪ್ಪ ಹಾಳೆಯನ್ನು ದೂರ ಹಿಡಿದು ಓದಿ, ಇದು ಪೆಟ್ಟಿಗೆ ಸಮೇತ ಬಂದದ್ದೇ ಎಂದು ಕೇಳಿದರು. ಹೌದೆಂದು ಹೇಳಿ ಎರ್ರಿಸ್ವಾಮಿ ಲಾರಿಯ ಕಡೆ ಓಡಿದ. ಐದಕ್ಕೆ ಐದು ನಿಮಿಷ ಇರುವಾಗ ಕಲ್ಲೇಶಪ್ಪ ಬಂದು, ಎಲ್ಲ ಅಚ್ಚುಕಟ್ಟಾಗಿ ಹೋಯಿತು ಎಂದು ಮೊಬೈಲ್ ವಾಪಸು ಕೊಟ್ಟರು.

ಸಂಜೆ ಏಳಕ್ಕೆ ಮನೆಯಲ್ಲಿ ಮುದ್ದೆ ಮುರಿಯುತ್ತಿದ್ದಾಗ ಮೊಬೈಲ್ ಗುಂಯ್ ಎಂದಿತು. ಆಟಗಾರರಿಗೆಲ್ಲ ಕಂಪನಿ ಕಳಿಸಿದ ಪ್ರಕಟಣೆ ಅದು, ಇಂಗ್ಲಿಷು ಚೆನ್ನಾಗಿ ಬಲ್ಲ ನಿರ್ಮಲಾ ಓದಿ ಹೇಳಿದಳು. ಕಂಪನಿಗೆ ನಾಲ್ಕು ಸಾವಿರ ದೂರು ಬಂದಿದ್ದವಂತೆ, ಕ್ರಮವಾಗಿ ಅಳೆದ ಲೆಕ್ಕ ಮಾತ್ರ ಒಂದೇ ಒಂದಂತೆ. ಎರ್ರಿಸ್ವಾಮಿ ಮೀಸೆಗೆ ಕೈ ಹಾಕಿದ. ನಿರ್ಮಲಾ ಮುಂದಕ್ಕೆ ಓದಿದಳು. ಸರಕು ಹಡಗುಗಳಲ್ಲಿ ಯಾರ ಕಣ್ಣಿಗೂ ಬೀಳದ ದೊಡ್ಡ ದೋಷವನ್ನು ಬಸವ ಎಂಬ ಹಡಗಿನ ಆಟಗಾರ ಪತ್ತೆ ಹಚ್ಚಿದ್ದಾನೆ. ಹೊರೆ ಹೇರಿದಷ್ಟೂ ಅವು ಜೋರಾಗಿ ಓಡುತ್ತವೆ, ತುಂಬಿದ ಹಡಗು ಮಿಂಚಿನ ಜಾತಿಯದನ್ನೂ ಹಿಂದೆ ಹಾಕುತ್ತದೆ. ಈಗಿನಿಂದಲೇ ಅವುಗಳ ವೇಗ ಇಳಿಸಿದ್ದೇವೆ. ಸ್ವಂತ ಹಡಗಿಗೆ ನಷ್ಟವಾದರೂ ನಿಜ ಹೇಳಿದ ಈ ಆಟಗಾರನಿಗೆ ನಮ್ಮ ಗೌರವ.

ಎರ್ರಿಸ್ವಾಮಿ ಕೈ ತೊಳೆಯದೆ ಮೊಬೈಲ್ ಕಸಿದುಕೊಂಡು ಕಳಿಸಿದ ಲೆಕ್ಕ ನೋಡಿದ. ಖಾಲಿ ಐವತ್ತು. ಇಪ್ಪತ್ತು ಪೆಟ್ಟಿಗೆಗೆ ನಲವತ್ತಾರು. ನಲವತ್ತಕ್ಕೆ ನಲವತ್ತೆರಡು. ಕೂಡಲೇ ಕಲ್ಲೇಶಪ್ಪನವರಿಗೆ ಫೋನ್ ಹಚ್ಚಿ, ಅಂಕಿ ಯಾಕೆ ಇಳಿದವು ಎಂದು ಕೇಳಿದ.

“ಚೀಲದ ತೂಕ ಕಳೀದೆ ಬರೀತಾರೇನಪ್ಪ ಯಾರಾದ್ರು?” ಎಂದರು ಕಲ್ಲೇಶಪ್ಪ, ಶಾಂತವಾಗಿ. “ನೀನೇ ಪೆಟ್ಟಿಗೆ ಸಮೇತ ಅಂದಿ. ಪೆಟ್ಟಿಗೆಗೆ ಅರ್ಧ ಕೇಜಿ ಹಿಡಿದು ಇಪ್ಪತ್ತಕ್ಕೆ ಹತ್ತು, ನಲವತ್ತಕ್ಕೆ ಇಪ್ಪತ್ತು ಕಳ್ದು ನಿವ್ವಳ ಬರ್ದೀನಿ. ನಿನ್ ಮುಖ ನೋಡಿ ಅರ್ಧ ಹಿಡಿದಿದ್ದು, ಗೋಣಿ ಚೀಲ ಆಗಿದ್ರೆ ಒಂದು ಕೇಜಿ ಕಳೀತಿದ್ದೆ.”

ಎರ್ರಿಸ್ವಾಮಿ ಫೋನ್ ಇಟ್ಟ. ಅಷ್ಟರಲ್ಲಿ ಮಾರುತೇಶನ ಫೋನ್ ಬಂತು. ಗೆದ್ದವನ ದನಿಯಲ್ಲ ಅದು.

“ಭಾವ, ನಿಮ್ಮನ್ನ ನಾನು ತಪ್ಪು ತಿಳ್ಕೊಂಡಿದ್ದೆ. ಹೆಂಡ್ತಿ ತಮ್ಮ ಸೋಲಬಾರ್ದು ಅಂತ ಯಾರು ಇಷ್ಟೆಲ್ಲ ಮಾಡ್ತಾರೆ ಹೇಳ್ರಿ. ಪಂದ್ಯ ಬೇಡ ಅನ್ನಬೇಕು ಅನ್ಕೊಂಡಿದ್ದೆ, ಆದ್ರೆ ನೀವಾಗೇ ಮನಸ್ಸು ಮಾಡಿ ನನ್ನ ಕಡೆ ಬರೋಕೆ ಹೊರಟೀರಿ, ಬ್ಯಾಡ ಅಂದ್ರೆ ನಿಮಗೆ ಅವಮಾನ ಮಾಡ್ದಂಗೆ ಆಗ್ತದೆ.”

ಅವನ ಕೈಯಿಂದ ಫೋನ್ ತೆಗೆದುಕೊಂಡ ಸೂರಪ್ಪನವರು, ಅಳಿಯ ಅಂದರೆ ಹೀಗಿರಬೇಕು, ಭಾನುವಾರ ನಕ್ಕಿದ್ದಕ್ಕೆ ಬೇಜಾರಾಗಬೇಡಿ ಎಂದರು. ನಿರ್ಮಲಾ ಎರ್ರಿಸ್ವಾಮಿಯನ್ನೇ ನೋಡುತ್ತಿದ್ದಳು. ಮದುವೆಯಾದ ಒಂಬತ್ತು ವರ್ಷದಲ್ಲಿ ಅವಳು ಅವನನ್ನು ಹಾಗೆ ನೋಡಿದ್ದೇ ಇಲ್ಲ. ನಿಜ ಹೇಳಿಬಿಡಲೇ ಎಂದು ಅವನು ಬಾಯಿ ತೆರೆದ, ಅವಳ ಮುಖ ನೋಡಿ ಮುಚ್ಚಿದ. ಫೋನ್ ಮತ್ತೆ ಮಾರುತೇಶನ ಕೈಗೆ ಹೋದಾಗ ಆಗಲಪ್ಪ ಎಂದಷ್ಟೇ ಹೇಳಿದ.

ಎಂಟಕ್ಕೆ ದಂಡು ಬಿಟ್ಟುಕೊಟ್ಟು, ಮಿಂಚಿಗೆ ಬೇಕಾದ ನಲವತ್ತು ಪೆಟ್ಟಿಗೆ ಎಣ್ಣೆ ಹೇರಿಕೊಂಡು ಹೊರಟ. ಅರವತ್ತೆರಡು ಸೆಕೆಂಡಿನ ದಾರಿಗೆ ಈಗ ಎಂಬತ್ತೆರಡು. ಇಷ್ಟು ದಿನ ಆಟ ಕಂಡರೆ ಉರಿದು ಬೀಳುತ್ತಿದ್ದ ನಿರ್ಮಲಾ ಅವತ್ತು ತಾನಾಗಿ ಬಂದು ಗಂಡನ ಪಕ್ಕ ಒತ್ತಿ ಕೂತು, ಭುಜಕ್ಕೆ ಗಲ್ಲ ಆನಿಸಿ ಪರದೆಯನ್ನು ನೋಡಿದಳು. ಎರ್ರಿಸ್ವಾಮಿಗೆ ಹಾಯೆನಿಸಿತು. ನೋಡುತ್ತ ನೋಡುತ್ತ ಅವಳ ಹುಬ್ಬು ಗಂಟಾಯಿತು.

“ಪಾಪ ಮಾರುತೇಶ ಆಗಿಂದ ಕಾಯ್ತಾನೆ,” ಎಂದಳು. “ಸ್ವಲ್ಪ ಬೇಗ ಓಡಿಸ್ಬಾರ್ದಾ?”