ಟೈಲರಣ್ಣನ ಹಿತ್ತಲ ಗೋಡೆ

ದ್ವೀಪದ ಟೈಲರ್ ಲಾಂಚ್ ಚಾಲಕನ ಅಂಗಿಗೆ ಎರಡೂ ಎಡಗೈ ತೋಳುಗಳನ್ನೇ ಹೊಲಿದುಬಿಟ್ಟಿದ್ದ. ಚಾಲಕ ಅದನ್ನು ತೊಟ್ಟುಕೊಂಡೇ ಅಂಗಡಿಗೆ ಬಂದು, ಬಲಗೈಯನ್ನು ಬೆನ್ನ ಹಿಂದಕ್ಕೆ ತಿರುಚಿಕೊಂಡು ನಿಂತು, "ಟೈಲರಣ್ಣಾ, ಚುಕ್ಕಾಣಿ ಹೇಗೆ ಹಿಡೀಲಿ ಹೇಳು" ಎಂದು ಕೇಳಿದ ಮೇಲೆ ಟೈಲರ್ ಒಂದು ತೀರ್ಮಾನಕ್ಕೆ ಬಂದ. ತಪ್ಪು ತನ್ನದಲ್ಲ, ಕತ್ತಲೆಯದು. ಮನೆಯೂ ಅಂಗಡಿಯೂ ಒಂದೇ ಆಗಿದ್ದ ಆ ಕಲ್ಲಿನ ಕೋಣೆಗೆ ಬೀದಿಯ ಕಡೆಯ ಬಾಗಿಲು ಬಿಟ್ಟರೆ ಬೆಳಕು ಬರಲು ಬೇರೆ ದಾರಿಯೇ ಇರಲಿಲ್ಲ. ಸಮುದ್ರದ ಕಡೆಯ ಹಿತ್ತಲ ಗೋಡೆಗೆ ಒಂದು ಕಿಟಕಿ ಒಡೆದರೆ ಆಯಿತು.

ಮರುದಿನ ಬೆಳಗಾಗುತ್ತಲೇ ಉಳಿ, ಸುತ್ತಿಗೆ ಹಿಡಿದು ಗೋಡೆಗೆ ಮೊದಲ ಏಟು ಹಾಕುವಷ್ಟರಲ್ಲಿ ಪಕ್ಕದ ಕ್ಷೌರದಂಗಡಿಯವನು ಓಡಿಬಂದ. ಊರ ಸುದ್ದಿಯನ್ನೆಲ್ಲ ಬಿತ್ತರಿಸುತ್ತಿದ್ದುದರಿಂದ ಅವನನ್ನು ಎಲ್ಲರೂ ರೇಡಿಯೊ ಎಂದೇ ಕರೆಯುತ್ತಿದ್ದರು.

"ನಿಲ್ಸಣ್ಣಾ! ಇವತ್ತು ಹತ್ತು ಗಂಟೆ ಲಾಂಚಿಗೆ ಪುರಾತತ್ವ ಇಲಾಖೆ ಮೇಡಂ ಬರ್ತಿದ್ದಾರೆ. ಪಾಳು ಕೋಟೆ ಸುತ್ತಮುತ್ತ ಹಳೇ ಕಟ್ಟಡ ಏನಿದ್ರೂ ನಂಬರ್ ಬರೀತಾರಂತೆ. ಒಂದ್ಸಲ ನಂಬರ್ ಬಿತ್ತೋ, ಆಮೇಲೆ ಮೊಳೆ ಹೊಡೀಬೇಕಾದ್ರೂ ಅವರ ಅಪ್ಪಣೆ ಬೇಕು!"

"ನಮ್ಮನೆ ಹಳೇದು ಅಂತ ಅವರಿಗೆ ಹೇಗೆ ಗೊತ್ತಾಗುತ್ತೆ?"

"ಕಣ್ಣಿದ್ದವರಿಗೆಲ್ಲ ಗೊತ್ತಾಗುತ್ತೆ. ಹತ್ತು ಗಂಟೆಯೊಳಗೆ ಹೊಸದು ಮಾಡಿಬಿಡೋಣ, ಬಾ."

ರೇಡಿಯೊ ಯಾರದೋ ದೋಣಿಗೆ ಬಳಿದು ಮಿಕ್ಕಿದ್ದ ನೀಲಿ ಬಣ್ಣ ತಂದ. ಇಬ್ಬರೂ ಸೇರಿ ಗೋಡೆಯ ಬಿರುಕುಗಳಿಗೆ ಗಾರೆ ಮೆತ್ತಿ, ಸುತ್ತಲೂ ಬಣ್ಣ ಬಳಿದರು. ಟೈಲರನ ಹೆಂಡತಿ ಸೊಂಟಕ್ಕೆ ಕೈಕೊಟ್ಟು ನೋಡಿದಳು.

"ರೀ, ಇಪ್ಪತ್ತು ವರ್ಷದಿಂದ ಒಂದ್ಸಲ ಸುಣ್ಣ ಹೊಡೀರಿ ಅಂತ ಬಡ್ಕೊಂಡೆ. ಅದಕ್ಕೆ ಸರ್ಕಾರವೇ ಬರಬೇಕಾಯ್ತು!"

ಮೇಡಂ ಬರುವ ಹೊತ್ತಿಗೆ ಮನೆ, ಮೀಸೆಗೆ ಕಪ್ಪು ಹಚ್ಚಿಕೊಂಡು ಮದುವೆಗಂಡಾಗಲು ಹೊರಟ ಮುದುಕನ ಹಾಗೆ ಕಾಣುತ್ತಿತ್ತು. ಆಕೆ ಗೋಡೆ ಮುಟ್ಟಿದಳು. ಬೆರಳಿಗೆ ನೀಲಿ ಹತ್ತಿತು.

"ಇದು ಯಾವಾಗ ಕಟ್ಟಿದ್ದು?"

"ಮೊನ್ನೆ ಮೊನ್ನೆ, ಮೇಡಂ."

"ನಾನೇ ಕಲ್ಲು ಹೊತ್ತಿದ್ದೀನಿ," ಎಂದ ರೇಡಿಯೊ, ಯಾರೂ ಕೇಳದಿದ್ದರೂ.

ಮೇಡಂ ಪುಸ್ತಕ ತೆಗೆದು ಬರೆದುಕೊಂಡಳು. "ಹಾಗಾದ್ರೆ ಕೆಡವಬೇಕಾಗುತ್ತೆ. ಕೋಟೆಯಿಂದ ನೂರು ಮೀಟರ್ ಒಳಗೆ ಹೊಸ ಕಟ್ಟಡ ಇರೋ ಹಾಗಿಲ್ಲ. ಹಳೇದಾಗಿದ್ರೆ ಮಾತು ಬೇರೆ ಇತ್ತು."

ಟೈಲರ್ ಗಡಿಬಿಡಿಯಿಂದ ಮುಂದೆ ಬಂದ. "ಮೇಡಂ, ಮೊನ್ನೆ ಅಂದ್ರೆ... ನಮ್ಮ ಮುತ್ತಜ್ಜನ ಕಾಲದ ಮೊನ್ನೆ!"

"ಇವರು ಕಲ್ಲು ಹೊತ್ತೆ ಅಂದ್ರಲ್ಲ?"

"ಹೊತ್ತಿದ್ದು ಈ ಕಲ್ಲಲ್ಲ, ಮೇಡಂ," ಎಂದು ರೇಡಿಯೊ ಟೈಲರನ ಬೆನ್ನ ಹಿಂದೆ ಸರಿದ.

"ಹಳೇದಾಗಿದ್ರೆ ತೋರಿಸಿ."

ಹಚ್ಚಿದ ಬಣ್ಣವನ್ನು ಕೆರೆಯುವ ಕೆಲಸ ಶುರುವಾಯಿತು. ಟೈಲರ್ ಉಳಿ ಹಿಡಿದ, ಹೆಂಡತಿ ಸಟ್ಟುಗ ಹಿಡಿದಳು. ರೇಡಿಯೊ ತನ್ನ ಕ್ಷೌರದ ಕತ್ತಿ ತಂದು, ಎರಡೇ ಎಳೆತಕ್ಕೆ ಅದನ್ನು ಮುರಿದುಕೊಂಡು, ಮನೆಯವರ ಮೇಲೆಯೇ ಸಿಟ್ಟಾದ. ಹಿತ್ತಲ ಗೋಡೆಯಲ್ಲಿ ಹಸಿ ಬಣ್ಣದ ಜೊತೆಗೆ ಒಳಗಿನ ಹಳೆಯ ಗಾರೆಯೂ ಹಪ್ಪಳದಂತೆ ಕಳಚಿ ಬಿತ್ತು. ಅದರಡಿ ಕೆತ್ತಿದ ದಪ್ಪ ಕಲ್ಲುಗಳು ನೆಲದಿಂದ ಮೇಲೆದ್ದು, ಬಿಲ್ಲಿನಂತೆ ಬಾಗಿ, ಮತ್ತೆ ನೆಲಕ್ಕಿಳಿದಿದ್ದವು.

ಮೇಡಂ ಪುಸ್ತಕ ಕೈಬಿಟ್ಟಳು. ನಕ್ಷೆ ಬಿಚ್ಚಿದಳು, ಟೇಪು ಹಿಡಿದು ಅಳೆದಳು.

"ಇಷ್ಟು ವರ್ಷ ಇದನ್ನೇ ಹುಡುಕ್ತಿದ್ವಿ! ಇದು ಕೋಟೆಯ ಸಮುದ್ರದ ಹೆಬ್ಬಾಗಿಲು. ನಡುವೆ ಇರೋದು ಆಮೇಲೆ ಯಾರೋ ತುಂಬಿಸಿದ ಕಲ್ಲು."

"ಮನೆ ಕೆಡವೋದಿಲ್ಲ ತಾನೆ, ಮೇಡಂ?"

"ಛೇ, ಎಲ್ಲಾದ್ರೂ ಉಂಟಾ! ನಡುವೆ ತುಂಬಿರೋ ಕಲ್ಲು ಮಾತ್ರ ತೆಗೆಸ್ತೀನಿ."

"ಅಂದ್ರೆ ಬೆಳಕು ಬರುತ್ತೆ!"

"ಬರದೆ ಏನು? ಹತ್ತಡಿ ಅಗಲ, ಹದಿನಾಲ್ಕಡಿ ಎತ್ತರ."

ಟೈಲರ್ ಹಿಗ್ಗಿ ಹೀರೇಕಾಯಿಯಾದ. ಒಂದು ಕಿಟಕಿಗೆ ಕಷ್ಟಪಡುತ್ತಿದ್ದವನಿಗೆ ಸರ್ಕಾರವೇ ಆಳು ಕೊಟ್ಟು ಗೋಡೆ ತೆಗೆಸುತ್ತಿದೆ. ಮೇಡಂ ಜೊತೆ ಬಂದಿದ್ದ ಕೆಲಸಗಾರರಿಗೆ ಹೆಂಡತಿಯಿಂದ ಎರಡು ಸಲ ಚಹಾ ಮಾಡಿಸಿಕೊಟ್ಟ. ಸಂಜೆ ನಾಲ್ಕರ ಹೊತ್ತಿಗೆ ಕೊನೆಯ ಕಲ್ಲು ಉರುಳಿತು. ಸಮುದ್ರದ ಬೆಳಕು ಕೋಣೆಯೊಳಗೆ ಧಾರಾಳವಾಗಿ ಸುರಿಯಿತು. ಟೈಲರ್ ಮಷೀನನ್ನು ನಟ್ಟನಡುವೆ ಎಳೆದು, ಕುರ್ಚಿ ಹಾಕಿ ಕುಳಿತು, ಜೀವನದಲ್ಲಿ ಮೊದಲ ಬಾರಿಗೆ ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸಿದ.

ಹೊರಡುವ ಮುನ್ನ ಮೇಡಂ ಒಂದು ಹಲಗೆ ನೇತುಹಾಕಿಸಿದಳು: 'ಕೋಟೆಯ ಹೆಬ್ಬಾಗಿಲು. ಸಾರ್ವಜನಿಕ ದಾರಿ. ಅಡ್ಡಿ ಮಾಡಬಾರದು.'

ಟೈಲರ್ ಅದನ್ನು ಎರಡನೆಯ ಸಲ ಓದುತ್ತಿದ್ದಾಗಲೇ ಬೀದಿಯ ಕಡೆಯಿಂದ ಹಾಲಿನಮ್ಮ ತನ್ನ ಎರಡು ಎಮ್ಮೆಗಳನ್ನು ಹೊಡೆದುಕೊಂಡು ಒಳಗೆ ಬಂದಳು. ಹಿಂದೆ ಎಂಟು ಹತ್ತು ಜನ ಸಾಲುಗಟ್ಟಿದ್ದರು. ದೋಣಿಕಟ್ಟೆಗೆ ಕೋಟೆ ಸುತ್ತಿ ಹೋಗುವ ಅರ್ಧ ಗಂಟೆ ಇನ್ನು ಉಳಿಯಿತು ಎಂದು ರೇಡಿಯೊ ಆಗಲೇ ಊರಿಗೆಲ್ಲ ಬಿತ್ತರಿಸಿಯಾಗಿತ್ತು.

"ಏನಪ್ಪಾ ಟೈಲರಣ್ಣಾ," ಎಂದಳು ಹಾಲಿನಮ್ಮ, "ದಾರಿ ಮಧ್ಯೆ ಯಾರಾದ್ರೂ ಕುರ್ಚಿ ಹಾಕ್ಕೊಂಡು ಕೂರ್ತಾರಾ? ಆಚೆ ಸರಿ."

ಟೈಲರ್ ಹಲಗೆಯ ಕಡೆ ನೋಡಿದ, ಎಮ್ಮೆಯ ಕೊಂಬಿನ ಕಡೆ ನೋಡಿದ. ಮಷೀನನ್ನೂ ಕುರ್ಚಿಯನ್ನೂ ಹೆಬ್ಬಾಗಿಲಿನ ದಪ್ಪ ಕಂಬದ ಹಿಂದಿನ ಮೂಲೆಗೆ ಎಳೆದುಕೊಂಡ. ಅಲ್ಲಿ ಬೀದಿಯ ಬಾಗಿಲಿನ ಬೆಳಕು ಕೂಡ ಬೀಳುತ್ತಿರಲಿಲ್ಲ.