ಮೀಸೆ ಕಪ್ಪು ಮಾಡಿಕೊಂಡು ಸರ್ಟಿಫಿಕೇಟಿಗೆ ಹೋದದ್ದು

ಗಂಡನನ್ನು ಡಾಕ್ಟರರ ಮುಂದೆ ಹೇಗೆ ನಿಲ್ಲಿಸಬೇಕು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವರನ್ನು ನಲವತ್ತು ವರ್ಷ ಠೇಕೇದಾರರ ಮುಂದೆ ನಿಲ್ಲಿಸಿದವಳು ನಾನು.

ನಮ್ಮ ಮನೆಯವರು ಗೌಂಡಿ, ಗೋಡೆ ಕಟ್ಟುವವರು. ಮರಾಠಿ ಸೀಮೆಯ ಯೆರವಡಾದ ನಮ್ಮ ಓಣಿಯಿಂದ ಇಳಿದು ಹೋದರೆ ಒಂದು ನಾಕಾ ಇದೆ. ಬೆಳಗ್ಗೆ ಕೂಲಿಯವರೆಲ್ಲ ಅಲ್ಲಿ ಬಂದು ನಿಲ್ಲುತ್ತಾರೆ. ಠೇಕೇದಾರ ಬಂದು ಸಂತೆಯಲ್ಲಿ ಎತ್ತು ನೋಡಿದ ಹಾಗೆ ನೋಡಿ, ಬೇಕಾದವರನ್ನು ಕರೆದುಕೊಂಡು ಹೋಗುತ್ತಾನೆ. ಅಲ್ಲಿ ಒಂದೇ ನಿಯಮ. ಅವನು ಏನು ಕೇಳಿದರೂ ‘ಆಗ್ತದ್ರಿ’ ಎನ್ನಬೇಕು. ಏಳನೇ ಮಹಡಿಗೆ ಇಟ್ಟಿಗೆ ಹೊರಲು ಆಗುತ್ತದೆಯೇ? ಆಗ್ತದ್ರಿ. ಜ್ವರ ಬಂದಿದೆಯೇ? ಇಲ್ರಿ, ಬಿಸಿಲಿಗೆ ಮೈ ಕಾಯ್ದದ. ಐವತ್ತು ದಾಟಿದ ಮೇಲೆ ನಮ್ಮವರ ಮೀಸೆಗೆ ನಾನೇ ಕಪ್ಪು ಹಚ್ಚಿ ಕಳಿಸುತ್ತಿದ್ದೆ. ಬಿಳಿ ಮೀಸೆಯವನನ್ನು ಯಾರೂ ಕರೆಯುವುದಿಲ್ಲ.

ಎರಡು ವರ್ಷದ ಹಿಂದೆ ಅವರಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಎರಡರ ಶಕ್ತಿಯೂ ಹೋಯಿತು. ಅಂದಿನಿಂದ ಹತ್ತು ಅಡಿಯ ಕೋಣೆಯಲ್ಲಿ ಮಂಚದ ಮೇಲೆ ಕುಳಿತಿದ್ದರು. ಕೋಲು ಹಿಡಿದರೆ ಬಾಗಿಲಿನವರೆಗೆ ಬರುತ್ತಿದ್ದರು, ಅಷ್ಟೇ. ನಾನು ನಾಲ್ಕು ಮನೆಯ ಪಾತ್ರೆ ತಿಕ್ಕಿ ಮಧ್ಯಾಹ್ನ ಮನೆಗೆ ಬಂದರೆ ಊಟಕ್ಕೇನು ಎಂದು ಕೇಳುತ್ತಿರಲಿಲ್ಲ. ‘ನಾಕಾದಾಗ ಇವತ್ತ ಎಷ್ಟ ಮಂದಿ ನಿಂತಿದ್ರು?’ ಎಂದು ಕೇಳುತ್ತಿದ್ದರು. ನಾನೇನು ಅಲ್ಲಿ ಹಾಜರಿ ಹಾಕುವವಳೇ? ಬಾಯಿಗೆ ಬಂದದ್ದು ಹೇಳುತ್ತಿದ್ದೆ. ಅವರು ಅದನ್ನೇ ಹಿಡಿದುಕೊಂಡು ಯಾರ ಕೆಲಸ ಎಲ್ಲಿ ನಡೆದಿದೆ ಎಂದು ಸಂಜೆಯವರೆಗೆ ಲೆಕ್ಕ ಹಾಕುತ್ತಿದ್ದರು.

ಪಕ್ಕದ ಮನೆಯ ಸೊಸೆ ರೇಣುಕಾ ಹತ್ತನೇ ತರಗತಿವರೆಗೆ ಓದಿದವಳು. ಕೈಯಿಂದ ತಿರುಗಿಸುವ ಮೂರು ಗಾಲಿಯ ಸೈಕಲ್ ಅಂಗವಿಕಲರಿಗೆ ಪುಕ್ಕಟೆ ಸಿಗುತ್ತದೆ, ಅದಕ್ಕೆ ಸರಕಾರಿ ಆಸ್ಪತ್ರೆಯ ಸರ್ಟಿಫಿಕೇಟು ಬೇಕು ಎಂದು ಹೇಳಿದವಳು ಅವಳೇ. ಯಾರ ಕಾಲೂ ಹಿಡಿಯಬೇಕಾಗಿಲ್ಲ, ಇದು ಮುತ್ಯಾನ ಹಕ್ಕು ಎಂದಳು. ನಮ್ಮವರನ್ನು ಅವಳು ಅಜ್ಜನೆಂದು ಮುತ್ಯಾ ಎನ್ನುತ್ತಾಳೆ. ಮೊಬೈಲಿನಲ್ಲಿ ಅರ್ಜಿಯನ್ನೂ ಹಾಕಿದಳು. ನಮ್ಮವರು ಒಂದೇ ಮಾತು ಕೇಳಿದರು. ಆ ಸೈಕಲ್ ನಾಕಾದವರೆಗೆ ಹೋಗುತ್ತದೆಯೇ? ಹೋಗುತ್ತದೆ ಎಂದಳು. ಅವತ್ತು ಅವರು ಒಂದು ರೊಟ್ಟಿ ಹೆಚ್ಚಿಗೆ ತಿಂದರು.

ಇಲ್ಲಿಂದ ಮುಂದೆ ನನ್ನ ಬುದ್ಧಿ ಕೆಲಸ ಮಾಡಿತು. ಸರಕಾರದವರೇನು ಹುಚ್ಚರೇ? ಸೈಕಲ್ ಕೊಡುವುದು ಅದನ್ನು ನಡೆಸಬಲ್ಲವನಿಗೆ. ಕೈಲಾಗದೆ ಮೂಲೆಯಲ್ಲಿ ಕುಳಿತವನಿಗೆ ಕೊಟ್ಟರೆ ಅದು ತುಕ್ಕು ಹಿಡಿಯುತ್ತದೆ. ಹಾಗಾದರೆ ಡಾಕ್ಟರರು ನೋಡುವುದು ಏನನ್ನು? ಗಟ್ಟಿ ಆಳು ಯಾರು ಎಂಬುದನ್ನು! ರೇಣುಕಾಳನ್ನು ಒಂದು ಮಾತು ಕೇಳಬಹುದಿತ್ತು. ಆದರೆ ಅಷ್ಟು ಸಣ್ಣ ವಿಷಯಕ್ಕೆ ಇನ್ನೊಬ್ಬರನ್ನು ಕೇಳುವ ಅಭ್ಯಾಸ ನನಗಿಲ್ಲ.

ಎಂಟು ದಿನ ತಾಲೀಮು ನಡೆಯಿತು. ಕೋಲು ಕಸಿದುಕೊಂಡು ಮಂಚದಿಂದ ಬಾಗಿಲಿಗೆ, ಬಾಗಿಲಿನಿಂದ ಮಂಚಕ್ಕೆ ನಡೆಸಿದೆ. ಎಡಗೈಯಿಂದ ಬಲಗೈಯನ್ನು ತಿಳಿಯದ ಹಾಗೆ ಮೇಲೆ ತಳ್ಳುವ ಉಪಾಯ ಹೇಳಿಕೊಟ್ಟೆ. ಹೊರಡುವ ದಿನ ತೋಳಿಗೆ ಎಣ್ಣೆ, ತಲೆಗೆ ಎಣ್ಣೆ, ಮೀಸೆಗೆ ಕಪ್ಪು. ನಮ್ಮವರು ಮದುಮಗನಂತೆ ಕಂಡರು. ಸ್ವಲ್ಪ ವಾಲಿದ ಮದುಮಗ.

ಆಸ್ಪತ್ರೆಯ ಪಡಸಾಲೆಯಲ್ಲಿ ಬೇರೆಯವರೆಲ್ಲ ಮುಖ ಬಾಡಿಸಿಕೊಂಡು ಕುಳಿತಿದ್ದರು. ಇವರಿಗೆ ಯಾರೂ ಸರಿಯಾಗಿ ತಯಾರಿ ಮಾಡಿಸಿಲ್ಲ ಎಂದು ನನಗೆ ಅಯ್ಯೋ ಅನಿಸಿತು.

ಒಳಗೆ ಇದ್ದದ್ದು ಒಬ್ಬ ಡಾಕ್ಟರಬಾಯಿ, ಮರಾಠಿಯವರು. ನಡೆದು ತೋರಿಸಿ ಎಂದರು. ನಮ್ಮವರು ಕೋಲು ನನ್ನ ಕೈಗೆ ಕೊಟ್ಟು, ಹಲ್ಲು ಕಚ್ಚಿ, ಬಾಗಿಲಿನಿಂದ ಮೇಜಿನವರೆಗೆ ನಡೆದೇಬಿಟ್ಟರು. ಕೈ ಎತ್ತಿ ಎಂದರೆ ಎತ್ತಿದರು. ಸ್ನಾನ ಮಾಡಿಸುವವರು ಯಾರು? ನಂದು ನಾನೇ ಮಾಡ್ಕೋತೀನಿ ಎಂದರು. ಮೆಟ್ಟಿಲು ಹತ್ತಲು ಆಗುತ್ತದೆಯೇ? ಆಗ್ತದ. ನಾಳೆ ಕೆಲಸ ಕೊಟ್ಟರೆ ನಾಳೆಯೇ ಬರುತ್ತೇನೆ ಎಂದು, ಕೇಳದ ಪ್ರಶ್ನೆಗೂ ಉತ್ತರ ಕೊಟ್ಟರು. ಡಾಕ್ಟರಬಾಯಿ ‘ಛಾನ್, ಛಾನ್’, ಅಂದರೆ ಬಹಳ ಚಲೋ, ಎನ್ನುತ್ತ ಬರೆದುಕೊಂಡರು. ಛಾನ್ ಎಂದ ಮೇಲೆ ಇನ್ನೇನು! ಮನೆಗೆ ಬಂದು ಹೋಳಿಗೆ ಮಾಡಿ ಓಣಿಯಲ್ಲಿ ಎಂಟು ಮನೆಗೆ ಹಂಚಿದೆ. ಸೈಕಲ್ ನಿಲ್ಲಿಸಲು ಬಾಗಿಲ ಪಕ್ಕದ ಕಲ್ಲುಗಳನ್ನೂ ತೆಗೆಸಿದೆ.

ಕೆಲವು ದಿನಗಳ ಮೇಲೆ ಕಾಗದ ಬಂತು. ರೇಣುಕಾ ಎರಡು ಸಲ ಓದಿದಳು. ಮುತ್ಯಾನಿಗೆ ಬಂದದ್ದು ನೂರಕ್ಕೆ ಮೂವತ್ತು, ಬೇಕಾದದ್ದು ನಲವತ್ತು ಎಂದಳು. ಹತ್ತು ಅಂಕ ಕಡಿಮೆ ಬಿದ್ದವೇ, ಇನ್ನೊಂದು ಸಲ ಜೋರಾಗಿ ನಡೆಸುತ್ತೇನೆ ಎಂದೆ.

‘ಆಯಿ, ಇದು ಸಾಲಿ ಪರೀಕ್ಷಾ ಅಲ್ಲ. ಮೈಯಾಗ ಎಷ್ಟ ಊನ ಅದ ಅಂತ ನೋಡ್ತಾರ. ಮುತ್ಯಾ ಅಲ್ಲಿ ಏನ ಮಾಡಿದ?’

ಹೇಳಿದೆ. ಮೀಸೆಯ ಮಾತು ಬಂದಾಗ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ, ನಾನು ವಿಚಾರಿಸಲು ಹೋಗಲಿಲ್ಲ. ಹೋಳಿಗೆ ತಿಂದ ಎಂಟು ಮನೆಯವರು ಎಂಟು ದಿನ ಸೈಕಲ್ ಯಾವಾಗ ಬರುತ್ತದೆ ಎಂದು ಕೇಳಿದರು.

ನಮ್ಮವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಬೈದು ಹಗುರಾಗುತ್ತಿದ್ದೆ. ಹೋಗಲಿ ಬಿಡು ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ಮರುದಿನ ಮಧ್ಯಾಹ್ನ ನಾನು ಕೆಲಸದಿಂದ ಬಂದಾಗ ನಾಕಾದಲ್ಲಿ ಎಷ್ಟು ಮಂದಿ ಎಂದು ಕೇಳಲಿಲ್ಲ. ಅದರ ಮರುದಿನವೂ ಕೇಳಲಿಲ್ಲ. ಮೂರನೆಯ ದಿನ ನಾನೇ, ಇವತ್ತು ಇಪ್ಪತ್ತು ಮಂದಿ ನಿಂತಿದ್ದರು ಎಂದೆ. ಹ್ಞೂಂ ಎಂದರು, ಅಷ್ಟೇ. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

ಮತ್ತೊಮ್ಮೆ ತಪಾಸಣೆ ಮಾಡಿ ಎಂದು ಕೇಳಬಹುದಂತೆ. ರೇಣುಕಾ ಅದನ್ನೂ ಬರೆದು ಹಾಕಿದಳು. ಇದ್ದದ್ದು ಇದ್ದ ಹಾಗೆ ಹೇಳು, ಅಷ್ಟು ಸಾಕು ಎಂದು ನನಗೆ ಹತ್ತು ಸಲ ಹೇಳಿದಳು. ಅಷ್ಟು ಸಾಕೇ? ಒಂದು ಸಲ ಕೆಟ್ಟ ಕೆಲಸಕ್ಕೆ ಎರಡನೆಯ ಸಲ ಸಿಮೆಂಟು ಹೆಚ್ಚಿಗೆ ಹಾಕಬೇಕು.

ಈ ಸಲದ ತಾಲೀಮಿನಲ್ಲಿ ಎಲ್ಲದಕ್ಕೂ ‘ಆಗಂಗಿಲ್ಲ’ ಎನ್ನಬೇಕಿತ್ತು. ನಮ್ಮವರು ಬಾಯಿ ತೆರೆದರೆ ‘ಆಗ್ತದ್ರಿ’ ಎಂದೇ ಬರುತ್ತಿತ್ತು. ಹೊಸ ಮಾತು ಕಲಿಯುವ ಕೂಸಿನಂತೆ ತೊದಲಿದರು. ಬಿಡಲಿಲ್ಲ ನಾನು. ಹೊರಡುವ ದಿನ ಗಡ್ಡ ಬೋಳಿಸಲಿಲ್ಲ, ತಲೆ ಬಾಚಲಿಲ್ಲ, ನೆತ್ತಿ ಸುಡುವ ಬಿಸಿಲಿನಲ್ಲಿ ಕಂಬಳಿ ಹೊದಿಸಿದೆ, ನೋವಿನ ಎಣ್ಣೆಯನ್ನು ಇಡೀ ರಿಕ್ಷಾ ಸೀನುವಷ್ಟು ಹಚ್ಚಿದೆ. ಮೀಸೆಯ ವಿಚಾರ ಮಾತ್ರ ಮರೆತುಹೋಗಿತ್ತು. ಅದು ಬುಡದಲ್ಲಿ ಬಿಳಿ, ತುದಿಯಲ್ಲಿ ಕಪ್ಪು ಆಗಿತ್ತು.

ಅದೇ ಡಾಕ್ಟರಬಾಯಿ. ಮೀಸೆ ನೋಡಿದ ಕೂಡಲೇ ಗುರುತು ಹಿಡಿದರು.

ನಡೆಯಲು ಆಗುತ್ತದೆಯೇ? ಆಗಂಗಿಲ್ಲ. ಬಲಗೈ? ಆಗಂಗಿಲ್ಲ. ಎಡಗೈ? ಆಗಂಗಿಲ್ಲ, ಎಂದು ಎಡಗೈಯಿಂದ ಕಂಬಳಿ ಸರಿಮಾಡಿಕೊಂಡರು. ನನ್ನ ಮಾತು ಕೇಳಿಸುತ್ತದೆಯೇ ಬಾಬಾ? ಆಗಂಗಿಲ್ಲ!

ಡಾಕ್ಟರಬಾಯಿ ಪೆನ್ನು ಕೆಳಗಿಟ್ಟರು. ಬೈಯುತ್ತಾರೆ, ಕಾಗದ ಹರಿದು ಹಾಕುತ್ತಾರೆ ಎಂದುಕೊಂಡೆ. ಅವರು ಕುರ್ಚಿಯನ್ನು ನನ್ನ ಕಡೆ ಎಳೆದುಕೊಂಡು, ಆಜಿ, ಇವತ್ತು ಬೆಳಗ್ಗೆ ಎದ್ದಾಗಿನಿಂದ ಏನೇನು ಆಯಿತು, ಅದನ್ನಷ್ಟೇ ಹೇಳಿ ಎಂದರು.

ಅದಕ್ಕೆ ನಾನು ತಯಾರಿ ಮಾಡಿಕೊಂಡಿರಲಿಲ್ಲ. ಆದದ್ದನ್ನೇ ಹೇಳಿದೆ. ಹೆಗಲು ಕೊಟ್ಟು ಎಬ್ಬಿಸಿದ್ದು, ಹಿಡಿದುಕೊಂಡು ಸಂಡಾಸಿಗೆ ಕರೆದೊಯ್ದದ್ದು, ಹಲ್ಲು ತಿಕ್ಕಿಸಿದ್ದು, ಮೈ ತೊಳೆದದ್ದು, ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ಕೊಟ್ಟದ್ದು, ಬಲಗಾಲಿನ ಚಪ್ಪಲಿ ಜಾರದಂತೆ ದಾರ ಕಟ್ಟಿದ್ದು. ಹಿಟ್ಟು ಬೀಸಿದಷ್ಟು ಸಪ್ಪಗೆ ಹೇಳಿಕೊಂಡು ಹೋದೆ. ದಿನಾ ಮಾಡುವ ಕೆಲಸ, ಅದರಲ್ಲೇನಿದೆ.

ಆಗ ನಮ್ಮವರು ಬಾಯಿ ತೆರೆದರು. ಮರಾಠಿ ಬರುತ್ತದೆ ಅವರಿಗೆ. ಆದರೂ ಕನ್ನಡದಲ್ಲೇ, ನೆಲ ನೋಡುತ್ತ ಹೇಳಿದರು.

‘ಅಂಗಿ ಗುಂಡಿ ಹಾಕ್ಕೊಳ್ಳಾಕ ನನಗ ಆಗಂಗಿಲ್ರಿ. ಅಕಿನ ಹಾಕ್ತಾಳ. ಅಕೀಗೆ ಕಣ್ಣ ಸರಿ ಕಾಣಂಗಿಲ್ಲ, ದಿನಾ ಒಂದ ಗುಂಡಿ ತಪ್ಪಿರತದ. ನಾ ಹೇಳಂಗಿಲ್ಲ. ಹಂಗ ಕೂಡ್ತೀನಿ.’

ಡಾಕ್ಟರಬಾಯಿ, ಏನು ಹೇಳಿದರು ಎಂದು ನನ್ನನ್ನು ಕೇಳಿದರು. ಅದನ್ನು ನಾನೇ ಮರಾಠಿ ಮಾಡಿ ಹೇಳಬೇಕಾಯಿತು. ಕಂಬಳಿ ಸರಿಸಿ ನೋಡಿದರು. ನಾನೂ ಕಣ್ಣು ಕಿರಿದು ಮಾಡಿ ನೋಡಿದೆ. ಹೌದು, ಅವತ್ತೂ ತಪ್ಪಿತ್ತು. ಅಂಗಿಯ ಒಂದು ತುದಿ ಮೇಲೆ, ಒಂದು ಕೆಳಗೆ. ಎರಡು ವರ್ಷ ಈ ಮನುಷ್ಯ ಬಂದವರ ಮುಂದೆಲ್ಲ ಹಾಗೇ ಕುಳಿತಿದ್ದಾರೆ! ‘ಹೇಳಿದ್ರ ನಿಮ್ಮ ಗಂಟ ಏನ ಹೋಗತಿತ್ತು?’ ಎಂದೆ.

‘ಹೇಳಿದ್ರ ನೀ ಮತ್ತ ಬಿಚ್ಚಿ ಮತ್ತ ಹಾಕ್ತಿದ್ದಿ. ಕೆಲಸಕ್ಕ ಹೊತ್ತಾಗತಿತ್ತು ನಿನಗ.’

ನಾನು ಡಾಕ್ಟರಬಾಯಿಯ ಮೇಜಿನ ಮೇಲಿದ್ದ ಗಡಿಯಾರ ನೋಡುತ್ತ ನಿಂತೆ. ಟೈಮು ನೋಡಲು ನನಗೆ ಸರಿಯಾಗಿ ಬರುವುದಿಲ್ಲ. ಆದರೂ ಬಹಳ ಹೊತ್ತು ನೋಡಿದೆ.

ಕಾಗದ ಬಂತು. ನಲವತ್ತು ದಾಟಿತ್ತು. ಕೆಲವು ತಿಂಗಳಾದ ಮೇಲೆ ಸೈಕಲೂ ಬಂತು, ಎಡಗೈಯಿಂದ ತಿರುಗಿಸುವಂಥದ್ದು. ಹೋಳಿಗೆ ಮಾಡಲಿಲ್ಲ, ಎಂಟು ಮನೆಯವರಿಗೂ ಬಹಳ ಬೇಸರವಾಯಿತು.

ಮೊದಲ ದಿನ ಬೆಳಗ್ಗೆ ಅವರು ನಾಕಾಕ್ಕೆ ಹೋದವರು ಮಧ್ಯಾಹ್ನವಾದರೂ ಬರಲಿಲ್ಲ. ಮನೆಯಲ್ಲಿ ಮಂಚ ಖಾಲಿ. ಬೈಯೋಣವೆಂದರೆ ಮನುಷ್ಯನಿಲ್ಲ. ಬೈಗಳನ್ನು ಹೊತ್ತುಕೊಂಡು ನಾಕಾದವರೆಗೆ ನಡೆದೆ. ಅಲ್ಲಿ ನಾಲ್ಕು ಜನ ಗೌಂಡಿಗಳ ನಡುವೆ, ಕೈಯಲ್ಲಿ ಚಹಾ ಹಿಡಿದು, ಯಾವುದೋ ಗೋಡೆ ಯಾಕೆ ಸೀಳು ಬಿಟ್ಟಿತು ಎಂದು ಹೇಳುತ್ತ ರಾಜನಂತೆ ಕುಳಿತಿದ್ದರು. ನನ್ನನ್ನು ನೋಡಿ, ಹಿಂದ ಕೂಡು ಎಂದರು. ಕುಳಿತೆ. ಹೋಗುವಾಗ ಇಳಿಜಾರು, ಬರುವಾಗ ಏರು. ಸೈಕಲ್ ಅರ್ಧಕ್ಕೆ ನಿಂತಿತು. ಇಳಿದು ತಳ್ಳಿದೆ.

ಈಗ ದಿನಾ ಮಧ್ಯಾಹ್ನ ಇದೇ ಕೆಲಸ. ಈ ವಯಸ್ಸಿನಲ್ಲಿ ಗಂಡನ ಗಾಡಿ ತಳ್ಳುತ್ತಾಳೆ, ಎಂಥ ಹೆಂಗಸು ಎಂದು ಓಣಿಯವರು ಹೊಗಳುತ್ತಾರೆ. ನಾನು ತಲೆ ತಗ್ಗಿಸಿಕೊಂಡು ಹೊಗಳಿಸಿಕೊಳ್ಳುತ್ತೇನೆ. ನನ್ನ ಮೊಣಕಾಲು ಎರಡೂ ಹೋಗಿವೆ, ಆ ಗಾಡಿಯ ಬೆನ್ನು ಹಿಡಿದುಕೊಳ್ಳದಿದ್ದರೆ ಆ ಏರು ನನ್ನಿಂದ ಹತ್ತಲು ಆಗುವುದಿಲ್ಲ ಎಂದು ಇನ್ನೂ ಯಾರಿಗೂ ಹೇಳಿಲ್ಲ.